ಎರಡು ಬಜೆಟ್ ಟಿವಿಗಳಲ್ಲಿ ಯಾವುದು? ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ. ಎಲ್ಲಿಂದ ಫೋನ್ ಬಂದರೂ ಪ್ರಶ್ನೆ ಒಂದೇ. "25 ಸಾವಿರದೊಳಗೆ ಎರಡು ಟಿವಿ ನೋಡಿ ಇಟ್ಟಿದ್ದೇನೆ, ಯಾವುದು ತರಲಿ?" ಎರಡು ತಿಂಗಳು ಕಳೆದ ಮೇಲೆ ಮತ್ತೆ ಫೋನ್. ಅಂಗಡಿಯಲ್ಲಿ ಚಂದ ಕಂಡ ಚಿತ್ರ ಮನೆಯಲ್ಲಿ ಮಸುಕು. ಕೇಬಲ್ ಬಾಕ್ಸಿನ ವಯರ್ ಚುಚ್ಚಲು ಟಿವಿಯಲ್ಲಿ ಜಾಗವೇ ಇಲ್ಲ. ಸರ್ವಿಸಿಗೆ ಯಾರೂ ಬರುವುದಿಲ್ಲ.

ತಪ್ಪಾಗುವುದು ನೋಡುವ ಕ್ರಮದಲ್ಲಿ. ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಗೋಡೆ, ಕೇಬಲ್, ಸರ್ವಿಸ್ ಎಲ್ಲ ನೆನಪಾಗುವುದು ಟಿವಿ ಮನೆಗೆ ಬಂದ ಮೇಲೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಮೊದಲ ಮೂರು ಹಂತಗಳಿಗೆ ನೀವು ಮನೆ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಹೆಚ್ಚಿನ ಸಲ ಎರಡು ಟಿವಿಗಳಲ್ಲಿ ಒಂದು ಅಲ್ಲಿಯೇ ಬಿದ್ದುಹೋಗುತ್ತದೆ.

ಬೇಕಾಗುವ ಸಾಮಾನು

ಅಳತೆಯ ಟೇಪು, ನಾಲ್ಕೈದು ಹಳೆಯ ಪೇಪರ್, ಗಮ್ ಟೇಪು, ಒಂದು ನೋಟ್‌ಬುಕ್, ಒಂದು ಪೆನ್‌ಡ್ರೈವ್.

ಪೆನ್‌ಡ್ರೈವಿಗೆ ಮೂರು ಬಗೆಯ ಫೈಲ್ ಹಾಕಿಕೊಳ್ಳಿ. ಮೊದಲನೆಯದು ನೀವೇ ಫೋನಿನಲ್ಲಿ ತೆಗೆದ, ಮನೆಯವರ ಮುಖ ಹತ್ತಿರದಿಂದ ಕಾಣುವ ವಿಡಿಯೊ. ಅವರ ಮೈಬಣ್ಣ ನಿಮಗೆ ಚೆನ್ನಾಗಿ ಗೊತ್ತಲ್ವಾ, ಟಿವಿ ಬಣ್ಣ ಕೆಡಿಸಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ರಾತ್ರಿಯ ಯಕ್ಷಗಾನ ಆಟದ ಒಂದು ತುಣುಕು, ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿನದ್ದು. ಟಿವಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ನನಗೆ ಈ ತನಕ ಸಿಕ್ಕಿಲ್ಲ. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ. ಮೂರನೆಯದು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಬೂದು ಬಣ್ಣದ ಮೂರು ಚಿತ್ರ. ಫೋನಿನಲ್ಲಿ ಚಿತ್ರ ಬಿಡಿಸುವ ಯಾವ ಆಪ್‌ನಲ್ಲಾದರೂ ಇವನ್ನು ಮಾಡಿಕೊಳ್ಳಬಹುದು.

ವಿಡಿಯೊ ಎಂಪಿ4 ಆಗಿರಲಿ. ಪೆನ್‌ಡ್ರೈವನ್ನು ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಹೆಚ್ಚಿನ ಎಲ್ಲ ಟಿವಿಗಳೂ ಓದುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಸಣ್ಣ ತುಣುಕು ಸಾಕು.

ಹಂತ 1: ಗೋಡೆ ಮತ್ತು ಕೂರುವ ಜಾಗ ಅಳೆಯಿರಿ

ಟಿವಿಯ ಇಂಚು ಅಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ. ಗೋಡೆಗೆ ಬೇಕಾದದ್ದು ಅಗಲ ಮತ್ತು ಎತ್ತರ. 32 ಇಂಚಿನ ಪರದೆ ಸುಮಾರು 71 ಸೆ.ಮೀ. ಅಗಲ, 40 ಸೆ.ಮೀ. ಎತ್ತರ. 43 ಇಂಚಿನದ್ದು 95 ಅಗಲ, 54 ಎತ್ತರ. 50 ಇಂಚು ಅಂದರೆ 111 ಮತ್ತು 62. 55 ಇಂಚು ಅಂದರೆ 122 ಮತ್ತು 68. ಸುತ್ತಲಿನ ಅಂಚಿಗೆ ಒಂದೆರಡು ಸೆಂಟಿಮೀಟರ್ ಸೇರಿಸಿಕೊಳ್ಳಿ.

ಪೇಪರ್‌ಗಳನ್ನು ಜೋಡಿಸಿ ಈ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ. ಒಂದು ದಿನ ಹಾಗೇ ಇರಲಿ. ಮುಳ್ಳೇರಿಯದಲ್ಲಿ ಅಕ್ಕನ ಮನೆಯಲ್ಲಿ ಹೀಗೆ ಮಾಡಿದೆವು. ಚಾವಡಿಯ ಗೋಡೆಗೆ 55 ಇಂಚಿನ ಪೇಪರ್ ಅಂಟಿಸಿದಾಗ ಅದರ ಬಲಬದಿ ಕಿಟಕಿಯ ಬಾಗಿಲಿಗೆ ತಾಗಿತು. ಅಕ್ಕ ಬಾಗಿಲು ಎಳೆದಳು, ಪೇಪರ್ ಪರಕ್ಕನೆ ಹರಿಯಿತು. "ಇದು ಬೇಡ ಮಾರಾಯ, ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕಿಟಕಿ ಹಾಕಿ ತೆಗೆದು ಮಾಡ್ಲಿಕ್ಕುಂಟು" ಅಂದಳು. 43ರ ಪೇಪರ್ ಸರಿಯಾಗಿ ಕೂತಿತು. ಅವಳು ನೋಡಿಟ್ಟಿದ್ದ ಎರಡು ಟಿವಿಗಳಲ್ಲಿ ಒಂದು ಅಲ್ಲಿಗೇ ಹೋಯಿತು.

ಇನ್ನು ದೂರ. ಟಿವಿಯ ಇಂಚನ್ನು ಒಂದೂವರೆಯಿಂದ ಗುಣಿಸಿದರೆ ಕೂರಬಹುದಾದ ಕಡಿಮೆ ದೂರ ಸಿಗುತ್ತದೆ, ಎರಡೂವರೆಯಿಂದ ಗುಣಿಸಿದರೆ ಜಾಸ್ತಿ ದೂರ. 43 ಇಂಚಿಗೆ ಅದು ಸುಮಾರು 5ರಿಂದ 9 ಅಡಿ. 32 ಇಂಚಿಗೆ 4ರಿಂದ 6.5 ಅಡಿ. ಕುರ್ಚಿಯಿಂದ ಅಳೆದರೆ ಸಾಲದು. ನಮ್ಮ ಮನೆಗಳಲ್ಲಿ ಒಬ್ಬರು ಚಾಪೆಯಲ್ಲಿ, ಒಬ್ಬರು ಬೆಂಚಿನಲ್ಲಿ, ಇನ್ನೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾರೆ. ಮೂರೂ ಜಾಗದಿಂದ ಅಳೆದು ಬರೆದಿಡಿ. ತೀರ ಬದಿಯಿಂದ ನೋಡುವವರು ಇದ್ದರೆ ಅದನ್ನೂ ಗುರುತು ಹಾಕಿ. ಆ ಗುರುತು ಮುಂದೆ ಬೇಕಾಗುತ್ತದೆ.

ಎತ್ತರದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಹೋಟೆಲಿನಲ್ಲಿ ಕಂಡ ಹಾಗೆ ಬಾಗಿಲಿನ ಮೇಲಕ್ಕೆ ನೇತು ಹಾಕುತ್ತಾರೆ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರಬೇಕು, ಅಂದರೆ ನೆಲದಿಂದ ಒಂದು ಮೀಟರ್ ಆಸುಪಾಸು. ಮೇಲಿಟ್ಟರೆ ಕುತ್ತಿಗೆ ನೋಯುತ್ತದೆ. ಕೆಲವು ಪ್ಯಾನೆಲ್‌ಗಳನ್ನು (ಚಿತ್ರ ಮೂಡುವ ಪರದೆಯ ಭಾಗ) ಕೆಳಗಿನಿಂದ ನೋಡುವಾಗ ಬಣ್ಣವೂ ಸಪ್ಪೆಯಾಗುತ್ತದೆ.

ಮೇಜಿನ ಮೇಲೆ ಇಡುವವರು ಟಿವಿಯ ಎರಡು ಕಾಲುಗಳ ನಡುವಿನ ಅಂತರ ಕೇಳಿ. ಈಗಿನ ಟಿವಿಗಳಿಗೆ ಕಾಲು ಎರಡು ತುದಿಗೆ ಇರುತ್ತದೆ. ಹಳೆಯ ಟಿವಿ ಸ್ಟ್ಯಾಂಡ್ ಅಷ್ಟು ಅಗಲ ಇರುವುದಿಲ್ಲ.

ಹಂತ 2: ನಿಮ್ಮ ಟಿವಿಗೆ ಎಂತ ಬರುತ್ತದೆ ಅಂತ ನೋಡಿ

4ಕೆ ಟಿವಿ ತಂದ ಕೂಡಲೇ ಎಲ್ಲವೂ 4ಕೆ ಆಗುವುದಿಲ್ಲ. ಪರದೆಯಲ್ಲಿರುವ ಚುಕ್ಕಿಗಳ ಲೆಕ್ಕ ಹೀಗೆ: ಎಚ್‌ಡಿ ರೆಡಿಯಲ್ಲಿ ಸುಮಾರು 10 ಲಕ್ಷ, ಫುಲ್ ಎಚ್‌ಡಿಯಲ್ಲಿ 20 ಲಕ್ಷಕ್ಕೆ ಸ್ವಲ್ಪ ಜಾಸ್ತಿ, 4ಕೆಯಲ್ಲಿ ಸುಮಾರು 83 ಲಕ್ಷ. ಮಾಮೂಲಿ ಎಸ್‌ಡಿ ಚಾನೆಲ್ ಬರುವುದು 576 ಗೆರೆಗಳಲ್ಲಿ. 4ಕೆ ಪರದೆಯಲ್ಲಿ 2160 ಗೆರೆ ಇವೆ. ಉಳಿದದ್ದನ್ನು ಟಿವಿ ಅಂದಾಜಿನಲ್ಲಿ ತುಂಬಿಸುತ್ತದೆ. ಅಗ್ಗದ ಟಿವಿಯಲ್ಲಿ ಆ ಅಂದಾಜು ಅಷ್ಟು ಚೆನ್ನಾಗಿರುವುದಿಲ್ಲ, ಮುಖಗಳು ಮೇಣ ಮೆತ್ತಿದ ಹಾಗೆ ಕಾಣುತ್ತವೆ.

ಹಾಗಾಗಿ ಮನೆಯಲ್ಲಿ ಈಗ ಏನಿದೆ ಅಂತ ಬರೆಯಿರಿ. ಕೇಬಲ್ ಅಥವಾ ಡಿಶ್ ಬಾಕ್ಸ್ ಎಸ್‌ಡಿಯೋ ಎಚ್‌ಡಿಯೋ? ಬಾಕ್ಸಿನ ಮೇಲೆಯೇ ಬರೆದಿರುತ್ತದೆ. ಕನ್ನಡ ಮತ್ತು ಮಲಯಾಳ ಚಾನೆಲ್‌ಗಳ ಎರಡೂ ಪ್ಯಾಕ್ ಹಾಕಿಸಿಕೊಂಡವರು ಎಚ್‌ಡಿಗೆ ಬದಲಾಯಿಸಿದರೆ ತಿಂಗಳಿಗೆ ಎಷ್ಟು ಜಾಸ್ತಿ ಬೀಳುತ್ತದೆ ಅಂತ ಕೇಬಲ್‌ನವರನ್ನೇ ಕೇಳಿ. ಇಡೀ ದಿನ ಎಸ್‌ಡಿ ಚಾನೆಲ್ ಮಾತ್ರ ನೋಡುವ ಮನೆಗೆ ಒಳ್ಳೆಯ ಫುಲ್ ಎಚ್‌ಡಿ ಟಿವಿ ಸಾಕು. ಯೂಟ್ಯೂಬ್, ಓಟಿಟಿ ಜಾಸ್ತಿ ನೋಡುವವರಿಗೆ 4ಕೆ ಕೊಟ್ಟ ದುಡ್ಡಿಗೆ ಲಾಭ.

ಬಾಕ್ಸಿನ ಹಿಂದೆ ಯಾವ ತೂತುಗಳಿವೆ ಅಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಳೆಯ ಬಾಕ್ಸಿನಲ್ಲಿ ಕೆಂಪು, ಬಿಳಿ, ಹಳದಿ ಪಿನ್ನು ಮಾತ್ರ ಇರುತ್ತದೆ. ಹೊಸ ಟಿವಿಗಳಲ್ಲಿ ಆ ಮೂರು ತೂತು ಇಲ್ಲದೆ ಇರಬಹುದು, ಅಥವಾ ಒಂದೇ ಸಣ್ಣ ತೂತು ಇದ್ದು ಅದಕ್ಕೆ ಬೇರೆ ವಯರ್ ಬೇಕಾಗಬಹುದು. ಟಿವಿ ಬಂದ ಸಂಜೆ ಎಲ್ಲರೂ ಸೇರಿ ಕೂತಾಗ ಇದು ಗೊತ್ತಾಗುವುದು ತುಂಬ ಬೇಸರದ ಸಂಗತಿ.

ಇಂಟರ್‌ನೆಟ್‌ನ ವೇಗ ಟಿವಿ ಇಡುವ ಜಾಗದಲ್ಲೇ ನಿಂತು ಫೋನಿನಲ್ಲಿ ಅಳೆಯಿರಿ. ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಕೇಳುತ್ತದೆ. ಫೈಬರ್ ಮೋಡೆಮ್ ಮನೆಯ ಎದುರು ಕೋಣೆಯಲ್ಲಿದ್ದು ನಡುವೆ ಎರಡು ದಪ್ಪ ಮುರಕಲ್ಲಿನ ಗೋಡೆ ಇದ್ದರೆ ವೈಫೈ ಅರ್ಧಕ್ಕರ್ಧ ಇಳಿದಿರುತ್ತದೆ. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಗೋಡೆ ದಾಟುವುದು ಕಷ್ಟ. 2.4 ಗಿಗಾಹರ್ಟ್ಸ್ ದೂರಕ್ಕೆ ಬರುತ್ತದೆ, ವೇಗ ಕಡಿಮೆ. ಎರಡೂ ಹಿಡಿಯುವ ಟಿವಿ ಆದರೆ ಒಳ್ಳೆಯದು. ಹಿಂದೆ ಇಂಟರ್‌ನೆಟ್ ವಯರ್ ನೇರ ಚುಚ್ಚುವ ಲ್ಯಾನ್ ತೂತು ಇದ್ದರೆ ಇನ್ನೂ ನಿಶ್ಚಿಂತೆ.

ಹಂತ 3: ಸರ್ವಿಸ್ ಯಾರು ಕೊಡುತ್ತಾರೆ? ಈಗಲೇ ಕೇಳಿ

ನಮ್ಮ ಜಿಲ್ಲೆಯವರು ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ.

ನಮ್ಮ ಮನೆಯ ಹಳೆಯ ಟಿವಿಯಲ್ಲಿ ಎಂಟು ತಿಂಗಳಿಗೆ ಅಡ್ಡಗೆರೆ ಬಂತು. ವಾರಂಟಿ ಇತ್ತು. ಕಂಪನಿಯ ಪಟ್ಟಿಯಲ್ಲಿ ನಮ್ಮ ಪಿನ್‌ಕೋಡ್ ಕೂಡ ಇತ್ತು. ಆದರೆ ಜನ ಮಂಗಳೂರಿನಿಂದ ಬರಬೇಕು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಮೂರು ವಾರ ಕಾದೆವು. ಕೊನೆಗೆ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿ, ನಾವೇ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಕೊಂಡುಹೋದೆವು.

ಹೀಗಾಗದಿರಲು ಎರಡೂ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಟಿವಿ ತೆಗೆದುಕೊಂಡವರ ಹಾಗೆಯೇ ಮಾತಾಡಿ. ಮೂರು ಪ್ರಶ್ನೆ ಕೇಳಿ. ನನ್ನ ಪಿನ್‌ಕೋಡಿಗೆ ಸರ್ವಿಸ್ ಮಾಡುವವರು ಯಾವ ಊರಿನವರು? ಪ್ಯಾನೆಲ್ ಹಾಳಾದರೆ ಮನೆಯಲ್ಲೇ ಬದಲಾಯಿಸುತ್ತೀರೋ, ಅವರ ಹತ್ತಿರ ಕೊಂಡುಹೋಗಬೇಕೋ? ವಾರಂಟಿ ಒಳಗೆ ಮನೆಗೆ ಬರುವುದಕ್ಕೆ ದುಡ್ಡು ಉಂಟಾ?

ಪಿನ್‌ಕೋಡ್ ಹೇಳುವಾಗ ಜಾಗ್ರತೆ. ನಮ್ಮದು 671ರಿಂದ ಶುರುವಾಗುತ್ತದೆ, ಮಂಗಳೂರಿನದ್ದು 575ರಿಂದ. ಮಂಗಳೂರಿನ ಅಂಗಡಿಯವರು "ಸರ್ವಿಸ್ ಇದೆ, ಹತ್ತಿರವೇ" ಅನ್ನುವುದು 575ಕ್ಕೆ. ಅದು ಅವರ ಮಟ್ಟಿಗೆ ನಿಜ. ಗಡಿ ದಾಟಿ ಬರಬೇಕಾದಾಗ ಕಂಪನಿಯ ಲೆಕ್ಕ ಬೇರೆ, ಕೇರಳದ್ದು ಬೇರೆ ವಿಭಾಗ.

ಎಚ್ಚರಿಕೆಯ ಗುರುತು: ಕರೆ ಎತ್ತಲು ಅರ್ಧ ಗಂಟೆ, ಊರಿನ ಹೆಸರು ಹೇಳಲು ತಡವರಿಕೆ, "ಬುಕ್ ಮಾಡಿದ ಮೇಲೆ ತಿಳಿಸುತ್ತೇವೆ" ಎಂಬ ಉತ್ತರ. ಮೂರರಲ್ಲಿ ಎರಡು ಇದ್ದರೆ ಆ ಟಿವಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಕಾಸರಗೋಡಿನಲ್ಲಿ ಸರ್ವಿಸ್ ಇರುವ 43 ಇಂಚಿನ ಫುಲ್ ಎಚ್‌ಡಿ ಟಿವಿ, ಸರ್ವಿಸ್ ಇಲ್ಲದ 50 ಇಂಚಿನ 4ಕೆಗಿಂತ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಪ್ಯಾನೆಲ್ ಹೋದರೆ ಅದರ ಬೆಲೆಯೇ ಟಿವಿಯ ಬೆಲೆಯ ಹತ್ತಿರ ಬರುತ್ತದೆ.

ಹಂತ 4: ಎರಡನ್ನೂ ಕಾಗದದ ಮೇಲೆ ಹೋಲಿಸಿ

ನೋಟ್‌ಬುಕ್‌ನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಒಂದು ಟಿವಿ, ಬಲಕ್ಕೆ ಇನ್ನೊಂದು. ಮೊದಲು ಪೂರ್ತಿ ಮಾಡೆಲ್ ನಂಬರ್ ಬರೆಯಿರಿ, ಕೊನೆಯ ಅಕ್ಷರವೂ ಬಿಡದೆ. ಕೊನೆಯ ಒಂದು ಅಕ್ಷರ ಬೇರೆಯಾದರೆ ಒಳಗಿನ ಸಾಮಾನು ಬೇರೆ ಇರಬಹುದು. ಆನ್‌ಲೈನ್‌ನಲ್ಲಿ ಒಂದನ್ನು ಓದಿ ಅಂಗಡಿಯಲ್ಲಿ ಇನ್ನೊಂದನ್ನು ತರುವವರು ಬಹಳ.

ಸಾಫ್ಟ್‌ವೇರ್: ಗೂಗಲ್ ಟಿವಿ, ಫೈರ್ ಟಿವಿ, ವೆಬ್‌ಓಎಸ್, ಟೈಜೆನ್ ಇವುಗಳಲ್ಲಿ ಯಾವುದಾದರೂ ಆಗಬಹುದು. ಬರೀ "ಆಂಡ್ರಾಯ್ಡ್ ಸ್ಮಾರ್ಟ್ ಟಿವಿ" ಅಂತ ಬರೆದಿದ್ದರೆ ಜಾಗ್ರತೆ. ಅಂಥವುಗಳಲ್ಲಿ ಗೂಗಲ್‌ನ ಒಪ್ಪಿಗೆ ಇಲ್ಲದೆ, ಫೋನಿಗೆ ಮಾಡಿದ ಆಪ್‌ಗಳನ್ನೇ ತುಂಬಿಸಿ ಕೊಟ್ಟವು ಇರುತ್ತವೆ. ಪ್ಲೇ ಸ್ಟೋರ್ ಇಲ್ಲದಿರುವುದು, ರಿಮೋಟಿನಲ್ಲಿ ಕಂಪ್ಯೂಟರ್ ಮೌಸ್ ತರ ಬಾಣ ಓಡಾಡುವುದು ಇದರ ಗುರುತು. ಓಟಿಟಿಯನ್ನು ಎಚ್‌ಡಿಯಲ್ಲಿ ತೋರಿಸಲು ಬೇಕಾದ ವೈಡ್‌ವೈನ್ ಎಲ್1 ಎಂಬ ಅನುಮತಿ ಇಂಥ ಟಿವಿಗೆ ಸಾಮಾನ್ಯವಾಗಿ ಇರುವುದಿಲ್ಲ, ಕೆಳಮಟ್ಟದ ಎಲ್3 ಮಾತ್ರ. ಆಗ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ ತೆರೆಯುತ್ತವೆ, ಚಿತ್ರ ಮಾತ್ರ ಎಸ್‌ಡಿಯಷ್ಟೇ. ಪರದೆ 4ಕೆ ಆಗಿದ್ದರೂ ಇದೇ ಗತಿ. ಇಂಟರ್‌ನೆಟ್ ಸರಿ ಇಲ್ಲ ಅಂತ ಮೋಡೆಮ್ ಬದಲಾಯಿಸಿದವರನ್ನು ನೋಡಿದ್ದೇನೆ.

ರ್‍ಯಾಮ್: 2 ಜಿಬಿ ಇದ್ದರೆ ಒಳ್ಳೆಯದು. 1 ಜಿಬಿ ಟಿವಿ ಅಂಗಡಿಯಲ್ಲಿ ಚುರುಕಾಗಿರುತ್ತದೆ, ಒಂದು ವರ್ಷದ ಅಪ್‌ಡೇಟ್‌ಗಳು ಬಂದ ಮೇಲೆ ರಿಮೋಟ್ ಒತ್ತಿ ಕಾಯಬೇಕಾಗುತ್ತದೆ. ಸ್ಟೋರೇಜ್ 8 ಜಿಬಿಗಿಂತ ಕಡಿಮೆ ಬೇಡ.

ಎಚ್‌ಡಿಎಂಐ ತೂತು: ಮೂರು ಬೇಕು. ಒಂದು ಬಾಕ್ಸಿಗೆ, ಒಂದು ಮುಂದೆ ತರುವ ಸೌಂಡ್‌ಬಾರ್‌ಗೆ, ಒಂದು ಖಾಲಿ ಇರಲಿ. ಸೌಂಡ್‌ಬಾರ್‌ನದ್ದಕ್ಕೆ ಎಆರ್‌ಸಿ ಅಂತ ಬರೆದಿರಬೇಕು, ಟಿವಿಯ ಸ್ವರ ಸೌಂಡ್‌ಬಾರ್‌ಗೆ ಹೋಗುವುದು ಆ ತೂತಿನಿಂದ. ತೂತುಗಳು ಬದಿಗೆ ಮುಖ ಮಾಡಿವೆಯೋ, ನೇರ ಗೋಡೆಯ ಕಡೆಗೋ ನೋಡಿ. ಗೋಡೆಯ ಕಡೆಗೆ ಇದ್ದರೆ ಟಿವಿ ನೇತು ಹಾಕಿದ ಮೇಲೆ ವಯರ್ ಹಾಕಲು ಕೈ ಹೋಗುವುದಿಲ್ಲ.

ಕರೆಂಟು: ಹಿಂದಿನ ಲೇಬಲ್‌ನಲ್ಲಿ 100-240 ವೋಲ್ಟ್ ಅಂತ ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ತೋಟಗಳ ಪಂಪು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುವ ಊರುಗಳಿಗೆ ಇದು ಮುಖ್ಯ. ಖರ್ಚಿನ ಲೆಕ್ಕ ಸುಲಭ. 80 ವ್ಯಾಟ್‌ನ ಟಿವಿ ದಿನಕ್ಕೆ 5 ಗಂಟೆ ಓಡಿದರೆ 60 ದಿನಕ್ಕೆ 24 ಯುನಿಟ್, ಅಂದರೆ ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿಯ ಒಂದು ಬಿಲ್ಲಿನಲ್ಲಿ 24 ಯುನಿಟ್. 40 ವ್ಯಾಟ್‌ನದ್ದಾದರೆ 12.

ಇನ್ನು ಬರೆಯಬೇಕಾಗಿಲ್ಲದ ಸಂಗತಿಗಳು. "ಎಚ್‌ಡಿಆರ್ ಸಪೋರ್ಟ್" ಅಂದರೆ ಬೆಳಕು-ಕತ್ತಲೆಯ ವ್ಯತ್ಯಾಸ ಜಾಸ್ತಿ ಇರುವ ಆ ಬಗೆಯ ಸಿಗ್ನಲ್ ಸ್ವೀಕರಿಸುತ್ತದೆ ಅಂತ ಅಷ್ಟೆ. ಅದನ್ನು ಚಂದಕ್ಕೆ ತೋರಿಸಲು ಬೇಕಾದ ಬೆಳಕು ಈ ಬೆಲೆಯ ಟಿವಿಗಳಲ್ಲಿ ಇರುವುದಿಲ್ಲ. "ಮೋಷನ್ 120" ಅಂತ ಬರೆದಿದ್ದರೂ ಪ್ಯಾನೆಲ್ ಹೆಚ್ಚಾಗಿ 60 ಹರ್ಟ್ಸ್‌ನದ್ದೇ. "100 ಕೋಟಿ ಬಣ್ಣ" ಕೂಡ ಈ ಬೆಲೆಯಲ್ಲಿ ನಿಮ್ಮ ಕಣ್ಣಿಗೆ ತಿಳಿಯುವಂಥದ್ದಲ್ಲ. ಈ ಮೂರಕ್ಕೆ ಅಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಹಂತ 5: ಈಗ ಅಂಗಡಿಗೆ ಹೋಗಿ

ಮಧ್ಯಾಹ್ನದ ಹೊತ್ತು, ಗಿರಾಕಿಗಳು ಕಡಿಮೆ ಇರುವಾಗ ಹೋಗಿ. ಒಂದೊಂದು ಟಿವಿಗೆ 15 ನಿಮಿಷ ಬೇಕು.

ಮೊದಲು ಅಂಗಡಿಯ ಡೆಮೊ ವಿಡಿಯೊ ನಿಲ್ಲಿಸಲು ಹೇಳಿ. ಹೂವು, ಹಣ್ಣು, ಗಿಣಿ ತೋರಿಸುವ ಆ ವಿಡಿಯೊದಲ್ಲಿ ಎಲ್ಲ ಟಿವಿಯೂ ಚಂದವೇ. ಪಿಕ್ಚರ್ ಮೋಡ್ "ವಿವಿಡ್" ಅಥವಾ "ಡೈನಾಮಿಕ್" ಇರುತ್ತದೆ, ಎರಡರಲ್ಲೂ "ಸ್ಟ್ಯಾಂಡರ್ಡ್" ಮಾಡಿಸಿ. ಒಂದು ವಿವಿಡ್‌ನಲ್ಲಿ, ಇನ್ನೊಂದು ಸ್ಟ್ಯಾಂಡರ್ಡ್‌ನಲ್ಲಿ ಇದ್ದರೆ ಹೋಲಿಸಿ ಪ್ರಯೋಜನ ಇಲ್ಲ. ಆಮೇಲೆ ನಿಮ್ಮ ಪೆನ್‌ಡ್ರೈವ್ ಹಾಕಿ.

ಆಟದ ವಿಡಿಯೊ ಮೊದಲು. ತೆಂಕುತಿಟ್ಟಿನ ಬಣ್ಣದ ವೇಷದ ಮುಖ ನೋಡಿ. ಕಪ್ಪು, ಕೆಂಪು, ನಡುವೆ ಬಿಳಿ ಚಿಟ್ಟಿ, ಅಂದರೆ ಮುಖಕ್ಕೆ ಇಡುವ ಹಿಟ್ಟಿನ ಸಣ್ಣ ಚುಕ್ಕಿಗಳು. ಹಿಂದೆ ಕತ್ತಲೆ. ಒಳ್ಳೆಯ ಪರದೆಯಲ್ಲಿ ಚಿಟ್ಟಿ ಒಂದೊಂದೂ ಬೇರೆಬೇರೆ ಕಾಣುತ್ತದೆ, ಕೇಶದ ಕಪ್ಪು ಹಿಂದಿನ ಕತ್ತಲಿನಲ್ಲಿ ಮುಳುಗುವುದಿಲ್ಲ. ಸಾಧಾರಣ ಪರದೆಯಲ್ಲಿ ಬಿಳಿಯೆಲ್ಲ ಕಲಸಿ ಒಂದು ಮುದ್ದೆ, ಕೆಂಪು ಕಿತ್ತಳೆಗೆ ತಿರುಗಿರುತ್ತದೆ, ಕತ್ತಲೆ ಬೂದು ಬಣ್ಣವಾಗಿರುತ್ತದೆ. ವೇಷ ಗಿರಕಿ ಹೊಡೆಯುವಾಗ ಹಿಂದೆ ಬಣ್ಣದ ಬಾಲ ಎಳೆದ ಹಾಗೆ ಕಂಡರೆ ಪ್ಯಾನೆಲ್ ನಿಧಾನ.

ಸ್ವರಕ್ಕೂ ಇದೇ ವಿಡಿಯೊ. ವಾಲ್ಯೂಮ್ ಮುಕ್ಕಾಲು ಏರಿಸಿ. ಚೆಂಡೆಯ ಪೆಟ್ಟಿಗೆ ಟಿವಿಯ ಹಿಂದಿನ ಪ್ಲಾಸ್ಟಿಕ್ ಕಿರ್ರೆನ್ನುತ್ತದಾ ಕೇಳಿ. ಚೆಂಡೆ ಜೋರಿರುವಾಗಲೂ ಭಾಗವತರ ಪದದ ಶಬ್ದಗಳು ಅರ್ಥವಾಗಬೇಕು. ಪೆಟ್ಟಿಗೆಯ ಮೇಲೆ 20 ವ್ಯಾಟ್ ಅಂತಲೋ 30 ವ್ಯಾಟ್ ಅಂತಲೋ ಬರೆದದ್ದರಿಂದ ಇದು ಗೊತ್ತಾಗುವುದಿಲ್ಲ, ಕಿವಿಯಿಂದಲೇ ಕೇಳಬೇಕು.

ಮನೆಯವರ ವಿಡಿಯೊ ಹಾಕಿ. ಮುಖ ಗುಲಾಬಿಯಾಗಿಯೋ ಹಸಿರಾಗಿಯೋ ಕಂಡರೆ ಆ ಟಿವಿಯ ಬಣ್ಣ ಸರಿ ಇಲ್ಲ.

ಬದಿಯಿಂದ ನೋಡುವವರಿಗೆ ಅಂತ ಹಂತ 1ರಲ್ಲಿ ಹಾಕಿದ ಗುರುತನ್ನು ಈಗ ನೋಡಿಕೊಳ್ಳಿ. ಬದಿಗೆ ಸರಿದು ನಿಲ್ಲಿ, ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ನೋಡಿ. ಪ್ಯಾನೆಲ್‌ಗಳಲ್ಲಿ ಮುಖ್ಯವಾಗಿ ಐಪಿಎಸ್, ವಿಎ ಅಂತ ಎರಡು ಬಗೆ. ಐಪಿಎಸ್ ಪ್ಯಾನೆಲ್‌ನಲ್ಲಿ ಬದಿಯಿಂದಲೂ ಬಣ್ಣ ಉಳಿಯುತ್ತದೆ, ಕಪ್ಪು ಮಾತ್ರ ಸ್ವಲ್ಪ ತೆಳು. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚಂದ, ಬದಿಗೆ ಹೋದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಎಲ್ಲರೂ ನೇರ ಎದುರು ಕೂರುವ ಮನೆಗೆ ವಿಎ, ಚಾವಡಿ ತುಂಬ ಹರಡಿ ಕೂರುವ ಮನೆಗೆ ಐಪಿಎಸ್. ಈ ಒಂದು ಪರೀಕ್ಷೆಯಿಂದಲೇ ಎಷ್ಟೋ ಸಲ ತೀರ್ಮಾನ ಆಗಿಬಿಡುತ್ತದೆ.

ಕೊನೆಗೆ ಆ ಮೂರು ಬಣ್ಣದ ಚಿತ್ರಗಳು. ಬಿಳಿಯಲ್ಲಿ ಕಪ್ಪು ಚುಕ್ಕಿ, ಕಪ್ಪಿನಲ್ಲಿ ಹೊಳೆಯುವ ಚುಕ್ಕಿ, ಬೂದಿನಲ್ಲಿ ಕೊಳೆ ಮೆತ್ತಿದಂಥ ಪಟ್ಟೆ ಇದೆಯಾ ನೋಡಿ. ಮೂಲೆಯಲ್ಲಿ ಸ್ವಲ್ಪ ಬೆಳಕು ಸೋರುವುದು ಈ ಬೆಲೆಯಲ್ಲಿ ಸಹಜ. ಪರದೆಯ ನಡುವೆ ಮಬ್ಬು ಇದ್ದರೆ ಅದು ದೋಷ.

ಯೂಟ್ಯೂಬ್ ತೆರೆದು, ಮುಚ್ಚಿ, ಇನ್ನೊಂದು ಆಪ್ ತೆರೆಯಿರಿ. ರಿಮೋಟಿನ ಮೈಕ್ ಒತ್ತಿ ಕನ್ನಡದಲ್ಲಿ ಒಂದು ಪ್ರಸಂಗದ ಹೆಸರು ಹೇಳಿ ನೋಡಿ. ಮನೆಯ ಹಿರಿಯರಿಗೆ ಟೈಪ್ ಮಾಡುವುದಕ್ಕಿಂತ ಹೇಳುವುದು ಸುಲಭ, ಹಾಗಾಗಿ ಇದನ್ನು ಹಗುರವಾಗಿ ತಳ್ಳಿಹಾಕಬೇಡಿ.

ಆನ್‌ಲೈನ್‌ನಲ್ಲಿ ಮಾತ್ರ ಸಿಗುವ ಟಿವಿ ಆದರೆ ಅದೇ ಮಾಡೆಲ್ ಇರುವ ಪರಿಚಯದ ಮನೆ ಹುಡುಕಿ. ಸಿಗದಿದ್ದರೆ ವಾಪಸ್ ತೆಗೆದುಕೊಳ್ಳುವ ನಿಯಮ ಚೆನ್ನಾಗಿ ಓದಿ, ಈ ಪರೀಕ್ಷೆಗಳನ್ನೆಲ್ಲ ಬಂದ ಮೊದಲ ದಿನವೇ ಮನೆಯಲ್ಲಿ ಮಾಡಿ.

ಹಂತ 6: ಬೆಲೆ ಮತ್ತು ಬಿಲ್ಲು

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. 32 ಇಂಚು ಮತ್ತು ಅದಕ್ಕಿಂತ ಸಣ್ಣದಕ್ಕೆ ಮೊದಲೇ ಶೇ. 18 ಇತ್ತು. ಹಳೆಯ ಸ್ಟಾಕಿನ ಮೇಲೆ ಹಳೆಯ ಎಂಆರ್‌ಪಿ ಚೀಟಿ ಇರಬಹುದು. ಅದಕ್ಕೆ ಹೋಲಿಸಿ "ಇಷ್ಟು ಡಿಸ್ಕೌಂಟ್" ಅಂದರೆ ನಂಬಬೇಡಿ, ಬಿಲ್ಲಿನಲ್ಲಿ ಶೇ. 18 ಅಂತ ಇದೆಯಾ ನೋಡಿ. ಮಂಗಳೂರಿನಲ್ಲಿ ಕೊಂಡರೂ ಕಾಸರಗೋಡಿನಲ್ಲಿ ಕೊಂಡರೂ ತೆರಿಗೆ ಅಷ್ಟೇ.

ನಮಗೆ ಒಂದು ಅನುಕೂಲ ಉಂಟು. ಓಣಂಗೆ ಕಾಸರಗೋಡಿನ ಅಂಗಡಿಗಳಲ್ಲಿ ಆಫರ್, ದಸರಾ ದೀಪಾವಳಿಗೆ ಮಂಗಳೂರಿನಲ್ಲಿ. ಅರ್ಜೆಂಟ್ ಇಲ್ಲದವರು ಎರಡನ್ನೂ ನೋಡಿ ತೆಗೆದುಕೊಳ್ಳಬಹುದು.

ಒಟ್ಟು ಖರ್ಚು ಬರೆಯಿರಿ: ಟಿವಿ, ಗೋಡೆಯ ಸ್ಟ್ಯಾಂಡ್, ಅದನ್ನು ಹಾಕುವ ಕೂಲಿ, ಸಾಗಾಟ, ಬೇಕಾದರೆ ಎಚ್‌ಡಿ ಬಾಕ್ಸ್. ಬಡ್ಡಿ ಇಲ್ಲದ ಇಎಂಐ ಅಂದರೂ ಪ್ರೊಸೆಸಿಂಗ್ ಫೀಸು ಇರಬಹುದು. ಒಂದು ಟಿವಿ 2,000 ರೂಪಾಯಿ ಕಡಿಮೆ ಅಂತ ಕಂಡದ್ದು ಈ ಲೆಕ್ಕದಲ್ಲಿ ಮಾಯವಾಗುವುದುಂಟು.

ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಒಂದು ವರ್ಷಕ್ಕಿಂತ ಹಳೆಯದಾದರೆ ಬೆಲೆ ಇಳಿಸಲು ಕೇಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ಇರುವ ಆರ್ ಅಕ್ಷರದ ನಂಬರನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿ. ನಂಬರ್ ಬೇರೆ ಕಂಪನಿಯದ್ದು ಅಂತ ಬಂದರೆ ಆ ಟಿವಿ ಬೇಡ. ಅಂಗಡಿಯವರು ಕೊಡುವ ಹೆಚ್ಚುವರಿ ವಾರಂಟಿ ಬಹಳ ಸಲ ಟಿವಿ ಕಂಪನಿಯದ್ದಲ್ಲ. ಅದರ ಸರ್ವಿಸ್ ಯಾರು ಮಾಡುತ್ತಾರೆ ಅಂತ ಬರೆದುಕೊಡಲು ಹೇಳಿ.

ಹಂತ 7: ಮನೆಗೆ ತರುವುದು, ಗೋಡೆಗೆ ಹಾಕುವುದು

ಟಿವಿಯನ್ನು ಯಾವಾಗಲೂ ನಿಲ್ಲಿಸಿಯೇ ತನ್ನಿ. ಜೀಪಿನಲ್ಲಿ ಮಲಗಿಸಿ, ಮೇಲೆ ಅಕ್ಕಿಚೀಲ ಇಟ್ಟು ತಂದರೆ ಘಾಟಿ ರಸ್ತೆಯ ಎರಡು ಗುಂಡಿ ಸಾಕು. ಪರದೆ ಒಡೆದರೆ ವಾರಂಟಿ ಸಿಗುವುದಿಲ್ಲ. ಪೆಟ್ಟಿಗೆ ಬಿಚ್ಚುವಾಗ ಶುರುವಿನಿಂದ ಕೊನೆಯ ತನಕ ನಿಲ್ಲಿಸದೆ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಕಾಣಬೇಕು. ಕೆಲವು ಕಂಪನಿಯವರು ತಮ್ಮ ಜನ ಬಂದೇ ಬಿಚ್ಚಬೇಕು ಅನ್ನುತ್ತಾರೆ, ಅಂಥದ್ದಾದರೆ ಕಾಯಿರಿ.

ಮುರಕಲ್ಲಿನ ಗೋಡೆಗೆ ಟಿವಿ ಹಾಕುವಾಗ ವಿಶೇಷ ಜಾಗ್ರತೆ ಬೇಕು. ಕಲ್ಲು ಮೆದು, ಒಳಗೆ ತೂತುತೂತು. ಸ್ಟ್ಯಾಂಡ್ ಜೊತೆ ಬರುವ ಗಿಡ್ಡ ಸ್ಕ್ರೂ ಗಾರೆಯಲ್ಲೇ ನಿಲ್ಲುತ್ತದೆ, ಕಲ್ಲನ್ನು ಹಿಡಿಯುವುದಿಲ್ಲ. ಉದ್ದದ ಸ್ಕ್ರೂ, ಅದಕ್ಕೆ ತಕ್ಕ ಪ್ಲಗ್ಗು ಮೊದಲೇ ತಂದಿಡಿ. ಡ್ರಿಲ್ ಮಾಡುವಾಗ ಕೆಂಪು ಹುಡಿ ಉದುರುತ್ತಾ ತೂತು ತನ್ನಷ್ಟಕ್ಕೆ ದೊಡ್ಡದಾದರೆ ಅಲ್ಲಿಗೇ ನಿಲ್ಲಿಸಿ, ಒಂದಡಿ ಆಚೆ ನೋಡಿ. ಗಟ್ಟಿ ಜಾಗ ಸಿಗದಿದ್ದರೆ ದಪ್ಪ ಮರದ ಹಲಗೆಯನ್ನು ಎಂಟು ಹತ್ತು ಸ್ಕ್ರೂ ಹಾಕಿ ಗೋಡೆಗೆ ಕೂರಿಸಿ, ಟಿವಿಯ ಸ್ಟ್ಯಾಂಡನ್ನು ಆ ಹಲಗೆಗೆ ಬಿಗಿಯಿರಿ. 43 ಇಂಚಿನ ಟಿವಿ ಸುಮಾರು 6ರಿಂದ 8 ಕಿಲೊ ಇರುತ್ತದೆ. ಟಿವಿ ತೂಗಿಸುವ ಮೊದಲು ಸ್ಟ್ಯಾಂಡನ್ನು ಕೈಯಿಂದ ಜೋರಾಗಿ ಎಳೆದು ನೋಡಿ. ಸ್ವಲ್ಪ ಅಲುಗಿದರೂ ಹಾಕಬೇಡಿ.

ಮಳೆಗಾಲದಲ್ಲಿ ಬೆವರುವ ಗೋಡೆ ಬೇಡ. ಕಡಲ ಬದಿಯ ಮನೆಯವರು, ಮಂಜೇಶ್ವರದಿಂದ ಕಾಸರಗೋಡಿನ ತನಕ, ಉಪ್ಪುಗಾಳಿ ನೇರ ಬಡಿಯುವ ಕಿಟಕಿಯ ಎದುರು ಇಡಬೇಡಿ. ತೂತುಗಳಿಗೆ ತುಕ್ಕು ಹಿಡಿಯುತ್ತದೆ.

ಹಂತ 8: ಮೊದಲ ವಾರದ ಕೆಲಸ

ಮೊದಲ ಸಲ ಆನ್ ಮಾಡುವಾಗ "ಹೋಮ್" ಅಂತ ಆರಿಸಿ, "ಸ್ಟೋರ್" ಬೇಡ. ಪಿಕ್ಚರ್ ಮೋಡ್ "ಸ್ಟ್ಯಾಂಡರ್ಡ್" ಅಥವಾ ರಾತ್ರಿಗೆ "ಮೂವಿ" ಇರಲಿ. ಶಾರ್ಪ್‌ನೆಸ್ ಕಡಿಮೆ ಮಾಡಿ. ಚಾನೆಲ್‌ನ ಕೆಳಗಿನ ಸುದ್ದಿಯ ಸಾಲು ಕತ್ತರಿಸಿ ಹೋಗುತ್ತಿದ್ದರೆ ಸ್ಕ್ರೀನ್ ಅಳತೆಯನ್ನು "ಜಸ್ಟ್ ಸ್ಕ್ಯಾನ್" ಅಥವಾ "ಒರಿಜಿನಲ್"ಗೆ ಬದಲಾಯಿಸಿ.

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಎಲ್ಲ ತೂತು, ವೈಫೈ, ಎಲ್ಲ ಆಪ್ ಒಮ್ಮೆ ಬಳಸಿ ನೋಡಿ. ದಿನಕ್ಕೆ ನಾಲ್ಕೈದು ಗಂಟೆ ಓಡಿಸಿ. ದೋಷ ಇರುವ ಟಿವಿ ಹೆಚ್ಚಾಗಿ ಶುರುವಿನಲ್ಲೇ ಗುರುತು ತೋರಿಸುತ್ತದೆ: ಆನ್ ಆಗಲು ತಡ, ತನ್ನಷ್ಟಕ್ಕೆ ಆಫ್, ಒಂದು ಬದಿ ಕಪ್ಪಾಗುವುದು.

ಹಂತ 9: ಸಿಡಿಲಿಗೆ ಮೊದಲೇ ತಯಾರಿ

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನ ಮಧ್ಯಾಹ್ನದ ಮೇಲಿನ ಗುಡುಗು ನಮಗೆಲ್ಲ ಗೊತ್ತು. ಸಿಡಿಲಿನಿಂದ ಟಿವಿ ಹೋದರೆ ವಾರಂಟಿ ಸಿಗುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ಟೆಬಿಲೈಸರ್ ಕೂಡ ಕಾಪಾಡುವುದಿಲ್ಲ. ಪ್ಲಗ್ ಎಳೆಯಬೇಕು. ಜೊತೆಗೆ ಡಿಶ್ ಅಥವಾ ಕೇಬಲ್‌ನ ವಯರ್ ಬಾಕ್ಸಿನಿಂದ ತೆಗೆಯಬೇಕು. ಲ್ಯಾನ್ ವಯರ್ ಇದ್ದರೆ ಅದನ್ನೂ. ಪ್ಲಗ್ ಎಳೆದು, ಡಿಶ್ಶಿನ ವಯರ್ ಹಾಗೇ ಬಿಟ್ಟು ಟಿವಿ ಕಳಕೊಂಡವರು ಎಷ್ಟೋ ಮಂದಿ.

ಇದೆಲ್ಲ ಮೋಡ ಕಟ್ಟುವಾಗಲೇ ಆಗಬೇಕು. ಸಿಡಿಲು ತಲೆ ಮೇಲೆ ಬಂದ ಮೇಲೆ ವಯರ್ ಮುಟ್ಟಬೇಡಿ, ಜೀವಕ್ಕೆ ಅಪಾಯ. ಟಿವಿ ಹಾಕಿಸುವಾಗಲೇ ಪ್ಲಗ್ ಪಾಯಿಂಟ್ ಕೈಗೆ ಸಿಗುವ ಜಾಗದಲ್ಲಿ, ಟಿವಿಯ ಹಿಂದೆ ಅಡಗದ ಹಾಗೆ ಇರಲಿ. ಹಿರಿಯರೂ ಕುರ್ಚಿ ಹತ್ತದೆ ಎಳೆಯುವಂತಿರಬೇಕು.

ಹಂತ 10: ದೂರು ಕೊಡಬೇಕಾಗಿ ಬಂದರೆ

ಬಿಲ್ಲು, ವಾರಂಟಿ ಚೀಟಿ, ಸೀರಿಯಲ್ ನಂಬರಿನ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಬಿಲ್ಲಿನ ಶಾಯಿ ಮಳೆಗಾಲಕ್ಕೆ ಮಾಸಿಹೋಗುತ್ತದೆ. ಕಂಪನಿಗೆ ಮಾಡಿದ ಪ್ರತಿ ಕರೆಯ ದಿನಾಂಕ ಮತ್ತು ದೂರಿನ ನಂಬರ್ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ.

ಕಂಪನಿ ಸ್ಪಂದಿಸದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ಟಿವಿಗೂ ಕಾಸರಗೋಡಿನ ಆಯೋಗ ಸಾಕು, ಮಂಗಳೂರಿಗೆ ಅಲೆಯಬೇಕಾಗಿಲ್ಲ. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಕೊಡಬೇಕು. ದೂರಿನ ಜೊತೆ ಬಿಲ್ಲಿನ ಪ್ರತಿ, ಪೆಟ್ಟಿಗೆ ಬಿಚ್ಚಿದ ವಿಡಿಯೊ, ಕರೆಗಳ ದಿನಾಂಕದ ಆ ಹಾಳೆ ಇಟ್ಟುಕೊಳ್ಳಿ.